ಒಂದು ಮೊಳ ತಂತಿ

ಎಮ್ಲಿನ್ ಪ್ರಾಸರ್ ತೀರಿಕೊಂಡಾಗ ನಮ್ಮ ಕಣಿವೆಯ ವಾರಪತ್ರಿಕೆ ಅವನಿಗೆ ಕೊಟ್ಟ ಜಾಗ ನಾಲ್ಕು ಸಾಲು. ಗಣಿಯಲ್ಲಿ ಫಿಟ್ಟರ್ ಆಗಿದ್ದ, ಗಣಿ ಮುಚ್ಚಿದ ಮೇಲೆ ಪ್ಲಂಬರ್ ಆದ, ಚಾಪೆಲ್ಲಿನ ಗಾಯನದಲ್ಲಿ ಮಂದ್ರದ ದನಿಯಾಗಿದ್ದ, ಎಲ್ಲರಿಗೂ ಬೇಕಾದವನಾಗಿದ್ದ. ಕೊನೆಯ ಮಾತು ಸುಳ್ಳು. ಎಮ್ಲಿನ್ ಎಲ್ಲರಿಗೂ ಬೇಕಾದವನಾಗಿದ್ದದ್ದು ಒಂದೇ ಒಂದು ಚಳಿಗಾಲ. ಅದಾದ ಮೇಲೆ ಅವನು ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದವರು ಎಷ್ಟು ಮಂದಿ ಎಂದು ನಾನು ನೋಡಿದ್ದೇನೆ. ಅವರೇ ಮೊನ್ನೆ ಟೋಪಿ ತೆಗೆದು ಅವನ ಶವಪೆಟ್ಟಿಗೆಯ ಹಿಂದೆ ನಡೆದರು. ಸತ್ತವನನ್ನು ಹೊಗಳುವುದು ನಮ್ಮ ಊರಿಗೆ ಸಲೀಸು. ಬದುಕಿದ್ದವನಿಗೆ ಬಾಗಿಲು ತೆಗೆಯುವುದೇ ಕಷ್ಟ.

ನಾಲ್ಕು ಸಾಲು ಅವನಿಗೆ ಸಾಲದು. ಅದಕ್ಕೇ ಇದು.

ನಮ್ಮೂರಾದ ಕೂಮ್‌ಹೆಲಿಗ್‌ನಲ್ಲಿ ಗಂಡಸಾಗಿ ಹುಟ್ಟಿದವನು ಇಳಿಯುತ್ತಿದ್ದದ್ದು ಗಣಿಗೆ. ಎಮ್ಲಿನ್ ಕೂಡ ಇಳಿದ. ಕಲ್ಲಿದ್ದಲು ಕಡಿಯುವವನಾಗಿ ಅಲ್ಲ, ಪಂಪು ಪೈಪುಗಳನ್ನು ನೋಡಿಕೊಳ್ಳುವ ಫಿಟ್ಟರ್ ಆಗಿ. ಕೆಳಗೆ ಫಿಟ್ಟರ್‌ಗಳಿಗೆ ಒಂದು ನಿಯಮವಿತ್ತು. ಯಾವ ಲೋಹದ ಪೈಪನ್ನೇ ಆಗಲಿ, ಬಿಚ್ಚುವ ಮೊದಲು ಬಿಚ್ಚುವ ಜಾಗದ ಎರಡೂ ಬದಿಗೆ ಒಂದು ದಪ್ಪ ತಾಮ್ರದ ತಂತಿ ಸಿಕ್ಕಿಸಬೇಕು. ಎಲ್ಲೋ ಕರೆಂಟು ಸೋರಿ ಪೈಪಿಗೆ ಬಂದಿದ್ದರೆ ಅದು ತಂತಿಯ ಮೇಲೆ ದಾಟಿ ಭೂಮಿಗೆ ಇಳಿಯುತ್ತದೆ. ತಂತಿ ಇಲ್ಲದಿದ್ದರೆ ಮನುಷ್ಯನ ಮೇಲೆ ದಾಟುತ್ತದೆ. ಈ ನಿಯಮವನ್ನು ಎಮ್ಲಿನ್ ಕೆಳಗೆ ಒಮ್ಮೆಯೂ ಮುರಿದವನಲ್ಲ. ಅವನ ಸೊಂಟದ ಪಟ್ಟಿಯಲ್ಲಿ ಆ ತಂತಿ ಹಾವಿನ ಹಾಗೆ ಸುತ್ತಿಕೊಂಡೇ ಇರುತ್ತಿತ್ತು. ಜೊತೆಯವರು, "ಎಮ್ಲಿನ್ ಹೆಂಡ್ತಿ ಕೈ ಹಿಡಿಯೋಕೆ ಮುಂಚೆನೂ ತಂತಿ ಸಿಕ್ಕಿಸ್ತಾನಂತೆ" ಎಂದು ನಗುತ್ತಿದ್ದರು.

ಗಣಿ ಮುಚ್ಚಿತು. ಹೇಗೆ, ಯಾರು ಎಂದು ಮತ್ತೆ ಬರೆಯುವುದಿಲ್ಲ. ಬರೆದು ಬರೆದು ನನ್ನ ಪೆನ್ನು ಮೊಂಡಾಗಿದೆ. ಮುಚ್ಚಿದವರು ಒಂದು ದೊಡ್ಡ ಉಪಕಾರ ಮಾಡಿದರು. ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸುತ್ತೇವೆ ಎಂದರು. ಅರ್ಧ ಜೀವಮಾನ ನೆಲದ ಕೆಳಗೆ ಕಳೆದ ಗಂಡಸರನ್ನು ಶಾಲೆಯ ಬೆಂಚುಗಳ ಮೇಲೆ ಕೂರಿಸಿ, ಕೆಲವು ವಾರ ಕಲಿಸಿ, ಕೈಗೊಂದು ಪ್ರಮಾಣಪತ್ರ ಕೊಟ್ಟು, ಫೋಟೋ ತೆಗೆಸಿ ಕಳಿಸಿದರು. ಎಮ್ಲಿನ್‌ಗೆ ಸಿಕ್ಕಿದ್ದು ಮನೆಗಳ ನೀರಿನ ಪೈಪಿನ ಕೆಲಸ. ತಾಮ್ರಕ್ಕೆ ತಾಮ್ರ ಬೆಸೆಯುವುದು ಹೇಗೆ, ತಾಮ್ರಕ್ಕೆ ಆಗ ಹೊಸದಾಗಿ ಬಂದಿದ್ದ ಬೂದು ಬಣ್ಣದ ಪ್ಲಾಸ್ಟಿಕ್ ಪೈಪು ಜೋಡಿಸುವುದು ಹೇಗೆ, ಎಲ್ಲವನ್ನೂ ಹೇಳಿಕೊಟ್ಟರು. ಮನೆಯ ಪೈಪಿಗೂ ಮನೆಯ ಕರೆಂಟಿಗೂ ಏನು ಸಂಬಂಧ ಎಂದು ಹೇಳಿಕೊಡಲಿಲ್ಲ. ಅದು ಬೇರೆ ಕೋಣೆಯ ಪಾಠವಂತೆ.

ಎಮ್ಲಿನ್‌ಗೆ ಆ ಪಾಠ ಗೊತ್ತಿತ್ತಲ್ಲ, ಕೆಳಗೆ ಅವನೇ ತಂತಿ ಸಿಕ್ಕಿಸುತ್ತಿದ್ದನಲ್ಲ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ನಮ್ಮ ಜನದ ಗ್ರಹಚಾರ. ನಮ್ಮ ಕಣಿವೆಯ ಗಂಡಸರ ನಂಬಿಕೆಯಲ್ಲಿ ಅಪಾಯ ಇರುವುದು ಕೆಳಗೆ. ಗಣಿಯಿಂದ ಜನರನ್ನೆತ್ತುವ ತೊಟ್ಟಿಲು ಮೇಲೆ ಬಂತು, ಬೆಳಕು ಕಂಡಿತು, ಸ್ನಾನ ಆಯಿತು ಎಂದರೆ ಅಪಾಯ ಮುಗಿಯಿತು. ಮನೆ ಎಂದರೆ ಪಿಂಗಾಣಿ ಬಟ್ಟಲು, ಬಿಳಿ ಪರದೆ, ಹೊಳೆಯುವ ಕಲ್ಲುಹಾಸು. ಅಲ್ಲಿ ಸಾಯುವುದಿದ್ದರೆ ಮುಪ್ಪಿನಿಂದ, ಇಲ್ಲವೇ ಎದೆಯಲ್ಲಿ ಕೂತ ಧೂಳಿನಿಂದ. ಗಣಿ ಬಿಟ್ಟ ದಿನ ಎಮ್ಲಿನ್ ಆ ತಾಮ್ರದ ತಂತಿಯನ್ನು ಹಿತ್ತಲ ಶೆಡ್ಡಿನ ಮೊಳೆಗೆ ನೇತುಹಾಕಿದ. ಅವನ ಹೆಂಡತಿ ಗ್ವೆಂಡಾ ಅದರಲ್ಲಿ ಬಟಾಣಿ ಬಳ್ಳಿ ಕಟ್ಟಿದಳು.

ಆಮೇಲೆ ಬಂತು ಆ ಜನವರಿ.

ಅಂಥ ಚಳಿಯನ್ನು ನಮ್ಮ ಅಜ್ಜಂದಿರೂ ಕಂಡಿರಲಿಲ್ಲವಂತೆ. ಹಿಮ ಬಿದ್ದು ಕಣಿವೆಯ ಎರಡೂ ಬಾಯಿ ಮುಚ್ಚಿತು. ಸಾಲು ಮನೆಗಳ ಮೆಟ್ಟಿಲ ಕೆಳಗಿನ ಗೂಡುಗಳಲ್ಲಿ ನೀರು ಹೆಪ್ಪುಗಟ್ಟಿ ತಾಮ್ರದ ಪೈಪುಗಳು ಬಟಾಣಿ ಸಿಪ್ಪೆಯ ಹಾಗೆ ಸೀಳಿದವು. ನಮ್ಮ ಮನೆಗಳ ಮಾಲೀಕ ಕಂಪನಿ ಹೆದ್ದಾರಿಯಾಚೆ ಇತ್ತು, ಅಲ್ಲೇ ಉಳಿಯಿತು. ಊರಿನೊಳಗಿದ್ದ ಪ್ಲಂಬರ್ ಎಮ್ಲಿನ್ ಒಬ್ಬನೇ. ಮೊಳಕಾಲಿನವರೆಗೆ ಹಿಮದಲ್ಲಿ ಮನೆಯಿಂದ ಮನೆಗೆ ನಡೆದ.

ಸೀಳಿದ ಪೈಪಿಗೆ ಬೆಸುಗೆ ಹಾಕುವುದು ಅಷ್ಟು ಸುಲಭವಲ್ಲ. ವಾಲ್ವು ಎಷ್ಟು ಬಿಗಿದರೂ ಒಳಗಿಂದ ನೀರು ಒಂದೊಂದೇ ಹನಿ ಜಿನುಗುತ್ತದೆ. ಹನಿ ಇದ್ದಷ್ಟು ಹೊತ್ತು ತಾಮ್ರ ಕಾಯುವುದಿಲ್ಲ, ಕಾಯದಿದ್ದರೆ ಬೆಸುಗೆ ಹರಿಯುವುದಿಲ್ಲ. ಅದಕ್ಕೆ ಕಸುಬಿನವರು ಕಂಡುಕೊಂಡ ಉಪಾಯ ಬ್ರೆಡ್ಡು. ಬಿಳಿ ಬ್ರೆಡ್ಡಿನ ತಿರುಳನ್ನು ಉಂಡೆ ಮಾಡಿ ಪೈಪಿನ ಬಾಯಿಗೆ ತುರುಕಿದರೆ ಅದು ಹನಿಯನ್ನು ಹೀರಿಕೊಂಡು ಕೂರುತ್ತದೆ. ಅಷ್ಟರಲ್ಲಿ ಬೆಂಕಿ ಹಿಡಿದು ಬೆಸೆಯಬೇಕು. ಆಮೇಲೆ ನೀರು ಬಿಟ್ಟರೆ ಬ್ರೆಡ್ಡು ಕರಗಿ ನಲ್ಲಿಯಿಂದ ಹೊರಗೆ ಬರುತ್ತದೆ.

ಒಲ್ವೆನ್ ಬೆವನ್‌ಳ ಮನೆಗೆ ಹೋದಾಗಲೂ ಅವನು ಮೊದಲು ಕೇಳಿದ್ದು ಅದನ್ನೇ. ಒಲ್ವೆನ್ ಗಂಡನನ್ನು ಗಣಿಗೆ ಕೊಟ್ಟವಳು, ಬಾಯಿ ತುಂಬ ಮಾತಿನವಳು.

"ಒಲ್ವೆನ್, ಒಂದು ತುಂಡು ಬ್ರೆಡ್ಡು ಕೊಡು."

"ಹಸಿವಾ?"

"ನನಗಲ್ಲ, ಪೈಪಿಗೆ."

"ನಿನ್ನ ಪೈಪಿಗೆ ಉಪವಾಸವೇ ಗತಿ. ಬ್ರೆಡ್ಡಿನ ಗಾಡಿ ಹಿಮದಲ್ಲಿ ಸಿಕ್ಕಾಕ್ಕೊಂಡಿದೆ. ಊರಲ್ಲಿ ಯಾರ ಮನೇಲೂ ಒಂದು ಚೂರಿಲ್ಲ. ಬಾರಾ ಬ್ರಿತ್ ಇದೆ, ದ್ರಾಕ್ಷಿ ಹಾಕಿದ ಸಿಹಿ ಕೇಕು. ನಡೆಯುತ್ತಾ?"

"ದ್ರಾಕ್ಷಿ ನಲ್ಲೀಲಿ ಬರುತ್ತೆ."

"ಬರಲಿ ಬಿಡು. ನೀರಿಗೂ ಒಂದು ರುಚಿ ಬೇಡ್ವಾ?"

ಎಮ್ಲಿನ್ ನಕ್ಕು ಚೀಲದಿಂದ ಬೂದು ಪೈಪು ತೆಗೆದ. ಅದಕ್ಕೆ ಬೆಂಕಿ ಬೇಡ, ಬ್ರೆಡ್ಡು ಬೇಡ. ಮೆಟ್ಟಿಲ ಕೆಳಗೆ ನೇತುಹಾಕಿದ ಕೋಟುಗಳು ಸುಟ್ಟಾವೆಂಬ ಭಯವಿಲ್ಲ. ಸೀಳಿದ ತಾಮ್ರವನ್ನು ನೇರವಾಗಿ ಕತ್ತರಿಸಿ, ಅಂಚಿನ ಮುಳ್ಳು ತೆಗೆದು, ಉಕ್ಕಿನ ನಾರಿನಿಂದ ಉಜ್ಜಿ ಹೊಳಪು ಬರಿಸಿದ. ಪ್ಲಾಸ್ಟಿಕ್ಕಿನ ಬಾಯಿ ಮೆತ್ತಗೆ ಅಮುಕಿಹೋಗದಂತೆ ಒಳಗೊಂದು ತೆಳು ಬಳೆ ತೂರಿಸಿದ. ಎರಡೂ ಕಡೆ ಜೋಡಣೆಯ ಕೊಳವೆಗೆ ತಳ್ಳಿದ. ಮೊದಲ ಸಲ ತಡೆಯುತ್ತದೆ, ಇನ್ನೊಂದು ಸಲ ಒತ್ತಿದರೆ ಒಳಗೆ ಕೂರುತ್ತದೆ. ಜಗ್ಗಿ ನೋಡಿದ. ಬರಲಿಲ್ಲ. ವಾಲ್ವು ಬಿಟ್ಟ. ಒಂದು ಹನಿ ಸೋರಲಿಲ್ಲ.

ಆ ಜೋಡಣೆಯಲ್ಲಿ ಇವತ್ತಿಗೂ ಯಾರೂ ಕೊಂಕು ತೆಗೆಯಲಾರರು. ನೀರಿನ ಮಟ್ಟಿಗೆ.

ಬ್ರೆಡ್ಡಿನ ಗಾಡಿ ಬರುವವರೆಗೂ ಹೀಗೇ ನಡೆಯಿತು. ಒಲ್ವೆನ್‌ಳ ಅಕ್ಕ ಡಿಲಿಸ್ ಅದೇ ಸಾಲಿನಲ್ಲಿ ಎರಡು ಮನೆ ಆಚೆ ಇದ್ದವಳು. ಅವಳಿಗೂ ಅಂಥದೇ ತುಂಡು ಹಾಕಿದ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಹಾಕಿದ. ಬಹಳ ಮನೆಗಳಲ್ಲಿ ಕೂಲಿ ಕೇಳಲಿಲ್ಲ. ಆ ಭಾನುವಾರ ಚಾಪೆಲ್ಲಿನಲ್ಲಿ ಪಾದ್ರಿ ಅವನ ಹೆಸರೆತ್ತಿ ಪ್ರಾರ್ಥಿಸಿದರು. ಅವನು ಎಲ್ಲರಿಗೂ ಬೇಕಾದವನಾಗಿದ್ದ ಚಳಿಗಾಲ ಅದು.

ಈಗ ಕರೆಂಟಿನ ಮಾತು. ನಮ್ಮ ಮನೆಗಳು ಹಳೆಯವು. ಅವುಗಳ ಅರ್ತಿಂಗ್ ತಂತಿಯನ್ನು ಹಿಂದಿನವರು ನೀರಿನ ಪೈಪಿಗೇ ಬಿಗಿದಿದ್ದರು. ಪೈಪು ಲೋಹ, ಬೀದಿಯ ಮಣ್ಣಿನೊಳಗೆ ಹೋಗುತ್ತದೆ; ಮನೆಯೊಳಗೆ ಸೋರಿದ ಕರೆಂಟು ಭೂಮಿಗಿಳಿಯಲು ಅದೊಂದೇ ದಾರಿ. ಮಧ್ಯೆ ಒಂದು ಮೊಳ ಪ್ಲಾಸ್ಟಿಕ್ ಬಂದರೆ ನೀರು ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಅದು ಮನೆಯೊಳಗೇ ನಿಲ್ಲುತ್ತದೆ. ನಲ್ಲಿಯಲ್ಲಿ, ಒಲೆಯಲ್ಲಿ, ಮಷೀನಿನ ಮೈಯಲ್ಲಿ, ಯಾರಾದರೂ ನೆಲಕ್ಕೆ ಕಾಲಿಟ್ಟು ಮುಟ್ಟಲಿ ಎಂದು ಕಾಯುತ್ತದೆ. ಹಾಗೆ ಬಿಗಿಯುವುದು ತಪ್ಪು, ಬದಲಾಯಿಸಿ ಎಂದು ವರ್ಷಗಟ್ಟಲೆ ಹಿಂದೆಯೇ ಎಲ್ಲ ಮನೆಮಾಲೀಕರಿಗೂ ತಿಳಿಸಲಾಗಿತ್ತು. ನಮ್ಮ ಕಂಪನಿಗೂ ತಿಳಿದಿತ್ತು. ತಿಳಿದದ್ದು ಕಪಾಟಿನಲ್ಲಿತ್ತು.

ಮುಂದಿನ ವರ್ಷದ ಅಕ್ಟೋಬರಿನ ಒಂದು ಸೋಮವಾರ. ಸೋಮವಾರ ನಮ್ಮಲ್ಲಿ ಬಟ್ಟೆ ಒಗೆಯುವ ದಿನ. ಅವತ್ತು ಮೋಡವಿರಲಿ, ಮಳೆಯಿರಲಿ, ಹಿತ್ತಲ ಓಣಿಯಲ್ಲಿ ಹಾಸಿಗೆ ಬಟ್ಟೆ ಹಾರಾಡದಿದ್ದರೆ ಆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಒಲ್ವೆನ್ ಮಷೀನು ಹಾಕಿ, ಕಲ್ಲುಹಾಸು ತೊಳೆದು, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಟೀಗೆ ಕೆಟಲ್ ತುಂಬಿಸಲು ನಲ್ಲಿಗೆ ಕೈ ಹಾಕಿದಳು. ಮಷೀನಿನೊಳಗೆ ಒಂದು ತಂತಿ ಸವೆದು ಅದರ ಲೋಹದ ಮೈಗೆ ತಗಲಿತ್ತು. ಫ್ಯೂಸು ಹಾರಲಿಲ್ಲ, ಹಾರಲು ದಾರಿ ಇರಲಿಲ್ಲ. ಬಟ್ಟೆ ಹೊರಗೆ ಬರಲಿಲ್ಲವಲ್ಲ ಎಂದು ಡಿಲಿಸ್ ಹೋಗಿ ನೋಡಿದಳು. ನಾನು ಇದಕ್ಕಿಂತ ಹೆಚ್ಚು ಬರೆಯಲಾರೆ.

ಸಾವಿನ ವಿಚಾರಣೆ ಗಣಿ ಕೆಲಸಗಾರರ ಸಭಾಭವನದಲ್ಲಿ ನಡೆಯಿತು. ಕರೆಂಟಿನ ತಜ್ಞ ಬೂದು ಪೈಪಿನ ತುಂಡನ್ನು ಮೇಜಿನ ಮೇಲಿಟ್ಟು, ಇದು ದಾರಿ ಕಡಿಯಿತು ಎಂದ. ಕಂಪನಿಯ ವಕೀಲ ಎದ್ದು, ಬಾಡಿಗೆದಾರರು ನಮಗೆ ತಿಳಿಸದೆ ಯಾರಿಂದಲೋ ರಿಪೇರಿ ಮಾಡಿಸಿಕೊಂಡಿದ್ದಾರೆ, ಮೃತರು ತಮ್ಮ ಸುರಕ್ಷತೆಗೆ ತಾವೇ ಹೊಣೆ ಎಂದ. ಹಿಮದಲ್ಲಿ ಫೋನು ಸತ್ತಿದ್ದ ದಿನಗಳಲ್ಲಿ ಆಕೆ ಅವರಿಗೆ ಹೇಗೆ ತಿಳಿಸಬೇಕಿತ್ತು ಎಂದು ಯಾರೂ ಕೇಳಲಿಲ್ಲ. ಆ 'ಯಾರಿಂದಲೋ' ಯಾರು ಎಂದು ಸಭೆಗೆಲ್ಲ ಗೊತ್ತಿತ್ತು. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡು ಕೂತರು.

ಹಿಂದಿನ ಸಾಲಿನಿಂದ ಎಮ್ಲಿನ್ ಎದ್ದು ನಿಂತ. "ಆ ತುಂಡು ನನ್ನದು. ಅವಳ ತಪ್ಪೇನಿಲ್ಲ. ಅವಳು ಬ್ರೆಡ್ಡಿಲ್ಲ ಅಂದಳು ಅಷ್ಟೇ."

ಆಕಸ್ಮಿಕ ಸಾವು ಎಂದು ತೀರ್ಪಾಯಿತು. ಕಂಪನಿಯವರು ಛತ್ರಿ ಬಿಡಿಸಿಕೊಂಡು ಕಾರಿಗೆ ಹೋದರು.

ಆ ವಾರ ನಾನು ಪತ್ರಿಕೆಯಲ್ಲಿ ಕಂಪನಿಯ ಮೇಲೆ ಬರೆದೆ, ಕೆಲವೇ ವಾರಗಳಲ್ಲಿ ಪ್ಲಂಬರ್‌ಗಳನ್ನು ಬೇಯಿಸಿ ಬಡಿಸಿದವರ ಮೇಲೆ ಬರೆದೆ. ಎಮ್ಲಿನ್ ಕೂಡ ಅವರ ಕೈಗೆ ಸಿಕ್ಕ ಬಲಿ ಎಂದು ಬರೆದೆ. ಪತ್ರಿಕೆ ಬಂದ ದಿನವೇ ಅವನು ನನ್ನ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ನೀನು ಬರೆದದ್ದರಲ್ಲಿ ಸುಳ್ಳಿಲ್ಲ," ಎಂದ. "ಆದ್ರೆ ನನ್ನ ಪಾಲನ್ನ ಹಂಚಬೇಡ."

"ನಿನಗೆ ಯಾರು ಹೇಳಿಕೊಟ್ಟರು ಎಮ್ಲಿನ್? ಯಾರೂ ಹೇಳಿಕೊಡಲಿಲ್ಲ."

"ಕೆಳಗೆ ಗೊತ್ತಿತ್ತು. ಮೇಲೆ ಬಂದು ಮರೆತೆ. ಮರೆತದ್ದೂ ಅಲ್ಲ, ಇಲ್ಲಿ ಬೇಕಾಗಲ್ಲ ಅಂದ್ಕೊಂಡೆ. ಅಡಿಗೆಮನೆ ಅಲ್ವಾ, ಪರದೆ ಗಿರದೆ ಹಾಕಿದ್ರು..."

ಅವನ ಮೇಲೂ ನನಗೆ ಸಿಟ್ಟು ಬಂತು. ಮೇಲಿನವರ ತಪ್ಪನ್ನು ತಾನೇ ಹೊತ್ತುಕೊಳ್ಳುವ ಬಡವನಿಗಿಂತ ಮೇಲಿನವರಿಗೆ ಪ್ರಿಯವಾದ ಪ್ರಾಣಿ ಇನ್ನೊಂದಿಲ್ಲ. ಅವತ್ತು ಹಾಗೆ ಅಂದುಕೊಂಡೆ. ಅವನು ಹೊತ್ತದ್ದು ಅವರ ತಪ್ಪನ್ನಲ್ಲ, ತನ್ನದನ್ನು ಮಾತ್ರ ಎಂದು ತಿಳಿಯಲು ನನಗೆ ಕಾಲ ಹಿಡಿಯಿತು.

ಅವನು ಶೆಡ್ಡಿಗೆ ಹೋಗಿ, ಒಣಗಿದ ಬಟಾಣಿ ಬಳ್ಳಿಯನ್ನು ಬಿಡಿಸಿ, ಆ ತಾಮ್ರದ ತಂತಿಯನ್ನು ಮತ್ತೆ ಸೊಂಟಕ್ಕೆ ಸುತ್ತಿಕೊಂಡ. ಹಸಿರು ಹಳದಿ ಸುತ್ತಿದ ದಪ್ಪ ತಂತಿಯ ಸುರುಳಿಯೊಂದನ್ನು ಕೊಂಡು ತಂದ. ಬೂದು ತುಂಡು ಹಾಕಿದ್ದ ಮನೆಗಳಿಗೆ ಒಂದೊಂದಾಗಿ ಹೊರಟ. ತುಂಡಿನ ಎರಡೂ ಬದಿಯ ತಾಮ್ರಕ್ಕೆ ಹಿತ್ತಾಳೆಯ ಪಟ್ಟಿ ಬಿಗಿದು, ಪಟ್ಟಿಯಿಂದ ಪಟ್ಟಿಗೆ ತಂತಿ ಎಳೆಯುವುದು. ಒಂದು ಮೊಳ ತಂತಿ. ಕರೆಂಟಿಗೆ ಮತ್ತೆ ದಾರಿ. ಎಷ್ಟು ಚಿಕ್ಕ ಕೆಲಸವೆಂದರೆ, ಅದನ್ನು ನೋಡಿದವರಿಗೆ ಸಿಟ್ಟೇ ಬರುತ್ತಿತ್ತು.

ಕಂಪನಿ ಎಲ್ಲ ಮನೆಗೂ ಕಾಗದ ಹಾಕಿತು: ಮುಂದಿನ ವರ್ಷದ ಯೋಜನೆಯಲ್ಲಿ ಅರ್ತಿಂಗ್ ಬದಲಾವಣೆ ಸೇರಿಸಲಾಗಿದೆ. ಮುಂದಿನ ವರ್ಷ ಬಂತು. ಅದರ ಮುಂದಿನದೂ ಬಂತು.

ಕೆಲವರು ಎಮ್ಲಿನ್‌ಗೆ ಬಾಗಿಲು ತೆಗೆದರು. ಕೆಲವರು ತೆಗೆದು, ಅವನು ಮೆಟ್ಟಿಲ ಕೆಳಗೆ ತೂರಿಕೊಂಡಾಗ ಬೆನ್ನ ಹಿಂದೆ ಕೈಕಟ್ಟಿ ನಿಂತರು. ನಮ್ಮ ಕಣಿವೆಯಲ್ಲಿ ಕೆಲಸಗಾರ ಹೊಸ್ತಿಲು ದಾಟಿದ ಕೂಡಲೇ ಕೆಟಲ್ ಇಡಬೇಕು. ಸಾಲ ವಸೂಲಿಗೆ ಬಂದವನಿಗೂ ಟೀ ಕೊಡುವ ಊರಿದು. ಎಮ್ಲಿನ್‌ಗೆ ಕೊಡದ ಮನೆಗಳಿದ್ದವು. ಕ್ಲಬ್ಬಿನಲ್ಲಿ ಅವನು ಒಳಗೆ ಬಂದರೆ ಯಾವನಾದರೂ, "ಕಾಲು ಮೇಲಿಟ್ಕೊಳ್ರೋ, ತಂತಿ ಸಿಕ್ಕಿಸಿಬಿಡ್ತಾನೆ" ಎನ್ನುತ್ತಿದ್ದ. ಎಮ್ಲಿನ್ ಕ್ಲಬ್ಬಿಗೆ ಹೋಗುವುದು ಬಿಟ್ಟ. ಚಾಪೆಲ್ಲಿಗೆ ಹೋಗುವುದನ್ನು ಬಿಡಲಿಲ್ಲ, ಹಾಡುವುದನ್ನು ಬಿಟ್ಟ. ಗಾಯನದ ಸಾಲಿನಲ್ಲಿ ಬಾಯಿ ಮುಚ್ಚಿ ನಿಲ್ಲುತ್ತಿದ್ದ.

ಕೊನೆಗೆ ಉಳಿದದ್ದು ಒಂದೇ ಮನೆ. ಡಿಲಿಸ್‌ಳದು.

ಡಿಲಿಸ್, ಎಮ್ಲಿನ್ ಒಂದೇ ಭಾನುವಾರದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಬೆಳೆದವರು. ಅವಳು ಅವನನ್ನು 'ಲೋ' ಎಂದೇ ಕರೆಯುತ್ತಿದ್ದವಳು. ಈಗ ಬಾಗಿಲನ್ನು ಒಂದು ಗೇಣು ತೆಗೆದು ನಿಂತಳು.

"ಏನು ಬೇಕು, ಮಿಸ್ಟರ್ ಪ್ರಾಸರ್?"

"ಡಿಲಿಸ್, ನಿನ್ನ ಮೆಟ್ಟಿಲ ಕೆಳಗೂ ಅದೇ ತುಂಡಿದೆ. ಒಂದು ತಂತಿ ಹಾಕಿ ಹೋಗ್ತೀನಿ."

"ಎಷ್ಟುದ್ದ ತಂತಿ?"

"ಒಂದು ಮೊಳ."

"ಒಂದು ಮೊಳ," ಎಂದಳು. ಮತ್ತೆ ಅದನ್ನೇ ಅಂದಳು. "ಒಂದು ಮೊಳ. ಅಷ್ಟರಲ್ಲಿ ಆಗೋದಾಗಿದ್ರೆ ಅವಳ ಸಾವು ಅಷ್ಟು ಅಗ್ಗವಾಯ್ತಲ್ಲ, ಮಿಸ್ಟರ್ ಪ್ರಾಸರ್. ನೀವು ಬಂದು ತಂತಿ ಸುತ್ತಿ ಹೋಗೋದು, ನಾನು ದಿನಾ ಕೋಟು ತೆಗೆಯುವಾಗ ಅದನ್ನ ನೋಡೋದು. ಬೇಡ."

"ನಾನು ಬೇಡ ಅಂದ್ರೆ ಬೇರೆಯವರನ್ನ ಕಳಿಸ್ತೀನಿ."

"ಯಾರೂ ಬೇಡ."

ಬಾಗಿಲು ಮುಚ್ಚಿತು. ಅವಳ ಅಡಿಗೆಮನೆಯಲ್ಲಿದ್ದ ಮಷೀನು ಒಲ್ವೆನ್‌ಳ ಮಷೀನಿನ ಜೊತೆಗೇ, ಒಂದೇ ಅಂಗಡಿಯಿಂದ, ಒಂದೇ ಗಾಡಿಯಲ್ಲಿ ಬಂದದ್ದು. ಅಕ್ಕತಂಗಿಯರು ಏನು ಕೊಂಡರೂ ಹಾಗೆಯೇ. ಅದೂ ಎಮ್ಲಿನ್‌ಗೆ ಗೊತ್ತಿತ್ತು.

ಅವನು ಗಣಿಯ ಹಳೆಯ ಕಲ್ಲಿದ್ದಲು ಸಾಗಿಸುವ ಪಟ್ಟೆಯ ರಬ್ಬರಿನಿಂದ ಒಂದು ದಪ್ಪ ಚಾಪೆ ಕತ್ತರಿಸಿ ಅವಳ ಹೊಸ್ತಿಲಲ್ಲಿಟ್ಟ. ನಲ್ಲಿಯ ಮುಂದೆ ಇದರ ಮೇಲೆ ನಿಂತುಕೋ ಎಂದು ಬಾಗಿಲ ಸಂದಿಯಿಂದ ಕೂಗಿ ಹೇಳಿದ. ಡಿಲಿಸ್ ಅದನ್ನೆತ್ತಿ ಬೀದಿಗೆಲ್ಲ ಕಾಣುವ ಹಾಗೆ ಕಸದ ಡಬ್ಬದ ಮೇಲೆ ಹಾಕಿದಳು. ಬೀದಿಯೆಲ್ಲ ನೋಡಿತು.

ಅಂದಿನಿಂದ ಸೋಮವಾರ ಬಂತೆಂದರೆ ಎಮ್ಲಿನ್ ಅವಳ ಮನೆಯ ಹಿಂದಿನ ಓಣಿಯ ಮೋಟು ಗೋಡೆಯ ಮೇಲೆ ಕೂರತೊಡಗಿದ. ಒಳಗೆ ಮಷೀನು ತಿರುಗುವ ಸದ್ದು ಕೇಳುತ್ತಿತ್ತು. ಡಿಲಿಸ್ ಬುಟ್ಟಿ ಹಿಡಿದು ಹೊರಗೆ ಬಂದು, ಅವನ ಕಡೆ ನೋಡದೆ ಹಾಸಿಗೆ ಬಟ್ಟೆ ಹರವಿ, ಕೊನೆಯ ಕ್ಲಿಪ್ಪು ಹಾಕಿ ಒಳಗೆ ಹೋದ ಮೇಲೆ ಅವನು ಎದ್ದು ಮನೆಗೆ ನಡೆಯುತ್ತಿದ್ದ. ಮಳೆ ಬಂದರೆ ಚೀಲವನ್ನು ತಲೆಗೆ ಹಾಕಿಕೊಂಡು ಕೂರುತ್ತಿದ್ದ. ಗ್ವೆಂಡಾ ಒಮ್ಮೆ ನನ್ನ ಹತ್ತಿರ, "ಇಲ್ಲಿ ಕೂತು ಏನು ಮಾಡ್ತೀಯ, ಒಳಗೆ ಏನಾದ್ರೂ ಆದ್ರೆ ಗೋಡೆ ಒಡೆದು ಹೋಗ್ತೀಯಾ ಅಂದೆ. ಹ್ಞೂಂ ಅಂತಾನೆ" ಎಂದು ಕಣ್ಣೊರೆಸಿಕೊಂಡಳು.

ಓಣಿಯ ಹೆಂಗಸರಿಗೆ ಇದು ಮೊದಲು ತಮಾಷೆ. "ಡಿಲಿಸ್ ಬಾಖ್, ಚಿನ್ನಾ, ನಿನ್ನ ಗಡಿಯಾರ ಬಂದು ಕೂತಿದೆ ನೋಡು" ಎನ್ನುತ್ತಿದ್ದರು. ಆಮೇಲೆ ತಮಾಷೆ ನಿಂತಿತು. ಅವನು ಎದ್ದು ಹೋಗುವವರೆಗೆ ಯಾವ ಹಿತ್ತಲಲ್ಲೂ ಮಾತು ಜೋರಾಗುತ್ತಿರಲಿಲ್ಲ.

ಮಾರ್ಚಿನಲ್ಲಿ ಒಲ್ವೆನ್‌ಳ ಮಗಳು ಮೈನಿರ್ ಸ್ವಾನ್ಸಿಯಿಂದ ದೊಡ್ಡಮ್ಮನಿಗೆ ಫೋನು ಮಾಡಿದಳು. ಅವಳಿಗೆ ದಿನ ತುಂಬುತ್ತಿತ್ತು, ಮೊದಲ ಹೆರಿಗೆ, ಗಂಡ ಹಡಗಿನ ಮೇಲೆ. "ಬೋಪಾ ದೊಡ್ಡಮ್ಮ, ಅಮ್ಮ ಇಲ್ವಲ್ಲ. ನಿಮ್ಮ ಹತ್ರಾನೇ ಬರ್ತೀನಿ," ಎಂದಳಂತೆ. ಬಾ ಎಂದಳು ಡಿಲಿಸ್. ಫೋನಿಟ್ಟು, ಅಟ್ಟದಿಂದ ತಗಡಿನ ಚಿಕ್ಕ ತೊಟ್ಟಿ ಇಳಿಸಿದಳು. ಮೈನಿರ್ ಕೂಸಾಗಿದ್ದಾಗ ಅವಳಿಗೆ ಸ್ನಾನ ಮಾಡಿಸಿದ ತೊಟ್ಟಿ ಅದು. ಅದನ್ನು ತೊಳೆದು ಅಡಿಗೆಮನೆಯ ಕಲ್ಲುಹಾಸಿನ ಮೇಲೆ, ನಲ್ಲಿಯ ಕೆಳಗೆ ಇಟ್ಟಳು. ಇಟ್ಟು ನೋಡುತ್ತ ನಿಂತಳು.

ಅವತ್ತು ಸೋಮವಾರ. ಹಿತ್ತಲ ಬಾಗಿಲು ತೆಗೆದು ಗೋಡೆಯ ಮೇಲೆ ಕೂತವನಿಗೆ ಹೇಳಿದಳು: "ಮಿಸ್ಟರ್ ಪ್ರಾಸರ್, ನಿಮ್ಮ ಸಾಮಾನು ತಗೊಂಡು ಬನ್ನಿ."

ಸಾಮಾನು ತರಲು ಅವನು ಮನೆಗೆ ಹೋಗಬೇಕಾಗಿರಲಿಲ್ಲ. ಚೀಲ ಪ್ರತಿ ಸೋಮವಾರವೂ ಅವನ ಕಾಲ ಬಳಿಯೇ ಇರುತ್ತಿತ್ತು.

ಒಳಗೆ ನಡೆದದ್ದನ್ನು ಅವಳೂ ನನಗೆ ಹೇಳಿದ್ದಾಳೆ, ಅವನೂ ಹೇಳಿದ್ದಾನೆ. ಎರಡೂ ಹೆಚ್ಚುಕಡಿಮೆ ಒಂದೇ. ಅವನು ಅಡಿಗೆಮನೆಗೆ ಕಾಲಿಟ್ಟು ಮೊದಲು ನೋಡಿದ್ದು ನೆಲವನ್ನು. ನಲ್ಲಿಯ ಮುಂದೆ ಅವನ ರಬ್ಬರು ಚಾಪೆ ಬಿದ್ದಿತ್ತು. ಎರಡು ಪಾದ ನಿಂತು ನಿಂತು ಸವೆದ ಗುರುತು ಅದರಲ್ಲಿತ್ತು.

ಮೆಟ್ಟಿಲ ಕೆಳಗೆ ತೂರಿ ಕೋಟುಗಳನ್ನು ಸರಿಸಿದ. ಮೊದಲು ಗಣಿಯ ತಂತಿಯನ್ನು ತುಂಡಿನ ಎರಡೂ ಬದಿಗೆ ಸಿಕ್ಕಿಸಿದ, ಆಮೇಲೆ ಕೈ ಹಾಕಿದ. ತಾಮ್ರದ ಮೇಲಿನ ಹಳೆಯ ಬಣ್ಣವನ್ನು ಹೊಳಪು ಬರುವವರೆಗೆ ಉಜ್ಜಿ ಪಟ್ಟಿ ಬಿಗಿದ. ಹಸಿರು ಹಳದಿ ತಂತಿ ಎಳೆದ. ಮೀಟರು ಇಟ್ಟು ನೋಡಿದ. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಹೊರಗೆ ಬಂದು ಡಿಲಿಸ್‌ಗೆ ತೋರಿಸಿದ.

"ಮುಳ್ಳು ಓದೋಕೆ ನನಗೆ ಬರಲ್ಲ," ಎಂದಳು. ಮಷೀನು ತಿರುಗುತ್ತಲೇ ಇತ್ತು. ಬಕೆಟ್ಟಿನಿಂದ ಒಂದು ಚೆಂಬು ನೀರು ತೆಗೆದು ಕಲ್ಲುಹಾಸಿನ ಮೇಲೆ ಸುರಿದಳು. "ಬೂಟು ಬಿಚ್ಚಿ."

ಅವನು ಬಾಗಿಲ ಬಳಿ ಕೂತು ಬೂಟು ಬಿಚ್ಚಿದ. ಕಾಲುಚೀಲ ತೆಗೆದು ಬೂಟಿನೊಳಗೆ ಮಡಿಸಿಟ್ಟ. ಗಣಿಯಲ್ಲಿ ಬೆರಳೊಂದು ಹೋದ ಪಾದ ಅವನದು. ಯಾರ ಅಡಿಗೆಮನೆಯಲ್ಲೂ ಅವನು ಹಾಗೆ ನಿಂತವನಲ್ಲ. ಚಾಪೆಯ ಮೇಲೆ ಕಾಲಿಡಲು ಹೋದ. ಡಿಲಿಸ್ ತನ್ನ ಕಾಲಿನಿಂದ ಚಾಪೆಯನ್ನು ಪಕ್ಕಕ್ಕೆ ಎಳೆದಳು.

"ಇದರ ಮೇಲಲ್ಲ."

ಒದ್ದೆ ಕಲ್ಲಿನ ಮೇಲೆ ನಿಂತ. ನಲ್ಲಿಯ ಮೇಲೆ ಅಂಗೈ ಇಟ್ಟ. ಎಷ್ಟು ಹೊತ್ತು ಎಂಬಲ್ಲಿ ಮಾತ್ರ ಇಬ್ಬರ ಮಾತು ಹೊಂದುವುದಿಲ್ಲ. ಒಂದು ಕ್ಷಣ ಎನ್ನುತ್ತಾಳೆ ಅವಳು. ಮಷೀನು ನೀರು ಬಿಟ್ಟು, ಮತ್ತೆ ತುಂಬಿಕೊಂಡು, ಮತ್ತೆ ತಿರುಗಲು ಶುರುಮಾಡುವವರೆಗೆ ಎನ್ನುತ್ತಿದ್ದ ಅವನು.

"ಬರೀ ಮುಟ್ಟಿದ್ರೆ ಆಗಲ್ಲ," ಎಂದಳು ಡಿಲಿಸ್. ಕೆಟಲ್ ತಂದು ಅವನ ಇನ್ನೊಂದು ಕೈಗೆ ಕೊಟ್ಟಳು. "ಅವಳು ಇದನ್ನ ತುಂಬಿಸ್ತಿದ್ಲು."

ಅವನು ನಲ್ಲಿ ತಿರುಗಿಸಿ ಕೆಟಲ್ ತುಂಬಿಸಿದ. ನೀರು ಪಾದದ ಮೇಲೆ ಚೆಲ್ಲಿತು. ತುಂಬಿ ಬಾಯಿಗೆ ಬಂದರೂ ನಿಲ್ಲಿಸಲಿಲ್ಲ. ಡಿಲಿಸ್ ಬಂದು ಅವನ ಪಕ್ಕದಲ್ಲಿ ನಿಂತಳು. ತನ್ನ ಚಪ್ಪಲಿಯನ್ನು ಕಾಲಿನಿಂದಲೇ ಕಳಚಿ ಹಿಂದೆ ಸರಿಸಿ, ಅದೇ ಒದ್ದೆ ಕಲ್ಲಿನ ಮೇಲೆ ನಿಂತು, ಅವನ ಕೈಯ ಪಕ್ಕದಲ್ಲಿ ಕೈಯಿಟ್ಟು ನಲ್ಲಿ ನಿಲ್ಲಿಸಿದಳು.

ಕೆಟಲ್ಲನ್ನು ಒಲೆಯ ಮೇಲಿಟ್ಟಳು. ಎರಡು ಬಟ್ಟಲು ಇಳಿಸಿದಳು.

"ಬೂಟು ಹಾಕ್ಕೊ. ಥಂಡಿ ಹಿಡಿಯುತ್ತೆ," ಎಂದಳು. ಆಮೇಲೆ, ಚಾಪೆಲ್ಲಿನ ಪ್ರತಿ ಟೀ ಕೂಟದಲ್ಲೂ ಅವನಿಗೆ ಟೀ ಬೆರೆಸಿಕೊಟ್ಟ ಹೆಂಗಸು, ಮೊದಲ ಸಲ ಮನೆಗೆ ಬಂದ ಕೆಲಸಗಾರನನ್ನು ಕೇಳುವ ಹಾಗೆ, ಬೆನ್ನು ತಿರುಗಿಸಿಕೊಂಡೇ ಕೇಳಿದಳು:

"ಸಕ್ಕರೆ ಎಷ್ಟು?"

"ಎರಡು ಚಮಚ," ಎಂದ ಎಮ್ಲಿನ್.